ವಸ್ತಿ ಗಾಡಿಯ ಡ್ರೈವರ

ಡ್ರೈವರನ ಹಿಂದಿನ ಸೀಟಿನಲ್ಲಿ ಕೂಡಬಾರದು ಎಂದು ದುಂಡಪ್ಪ ಪ್ರತಿ ಸಲವೂ ಅಂದುಕೊಳ್ಳುತ್ತಾನೆ, ಪ್ರತಿ ಸಲವೂ ಅಲ್ಲೇ ಹೋಗಿ ಕೂಡುತ್ತಾನೆ. ನಿವೃತ್ತನಾಗಿ ಎಂಟು ತಿಂಗಳಾಗಿದೆ, ಕಾಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೆಳಗಾವಿಯ ಮೂರನೆಯ ರೈಲ್ವೆ ಗೇಟಿನಲ್ಲಿ ಗಂಡಹೆಂಡತಿ ಖಾನಾಪುರದ ಬಸ್ಸು ಹತ್ತಿದ್ದರು. ಪೀರನವಾಡಿಯ ಗದ್ದಲದಲ್ಲಿ ಯಾವನೋ ಸೈಕಲ್ಲಿನವನು ಅಡ್ಡ ಬಂದಾಗ ದುಂಡಪ್ಪನ ಬಲಗಾಲು ಬಸ್ಸಿನ ತಗಡನ್ನು ಜೋರಾಗಿ ಒತ್ತಿತು. ಮುಂದಿನ ಡ್ರೈವರ ತಡಮಾಡಿ ಬ್ರೇಕು ಒತ್ತಿದ. ಅವನ ಗೇರಿನ ಕೈ ಸರಿಯಿರಲಿಲ್ಲ. ಕ್ಲಚ್ಚು ಅರ್ಧ ಒತ್ತುವುದು, ಗಾಡಿ ಕೆಮ್ಮುವುದು, ಮತ್ತೆ ಒತ್ತುವುದು. ಹೇಳಲೇಬೇಕೆಂದು ಬಾಯಿ ತೆರೆದಾಗ ಪಕ್ಕದಲ್ಲಿದ್ದ ಹೆಂಡತಿ ಗೌರವ್ವ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. 'ಸುಮ್ನ ಕುಂದರ್ರಿ. ಅಂವ ಒಯ್ತಾನ,' ಎಂದಳು. ಕಂಡಕ್ಟರ ಬಂದು ಟಿಕೇಟು ಕೊಟ್ಟು ಹೋದ, ಮುಖ ನೋಡಲಿಲ್ಲ. ಇದೇ ರಸ್ತೆಯ ಮೇಲೆ ಇಪ್ಪತ್ತೆಂಟು ವರ್ಷ ಗಾಡಿ ಹೊಡೆದವನು ತಾನೆಂದು ಆ ಕಂಡಕ್ಟರನಿಗೆ ಯಾರು ಹೇಳಬೇಕು? ತಾನೇ ಹೇಳಿಕೊಂಡರೆ ಬಣ್ಣಗೇಡು. ದುಂಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಗೌರವ್ವನ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು. ಅದರಲ್ಲಿ ಬೆಳಿಗ್ಗೆ ಎದ್ದು ಮಾಡಿದ ಶೇಂಗಾ ಹೋಳಿಗೆ, ಹಿಂದೆ ಹಳ್ಳಿಯೊಂದರಲ್ಲಿ ದುಂಡಪ್ಪನಿಗೆ ರೊಟ್ಟಿ ಉಣ್ಣಿಸಿದ್ದ ಮುದುಕಿ ಫಕೀರವ್ವನಿಗೆಂದು. ಖಾನಾಪುರದಲ್ಲಿ ಬಾಡಿಗೆಗಿದ್ದ ಮನೆಯೊಂದನ್ನು ನೋಡುವುದು, ಹಾಗೆಯೇ ಫಕೀರವ್ವನನ್ನು ಕಂಡು ಬರುವುದು, ಇವತ್ತಿನ ಕೆಲಸ ಇಷ್ಟೇ ಎಂದು ಅವಳು ತಿಳಿದಿದ್ದಳು. 'ಸುಮ್ನ ನೋಡಿ ಬರೂಣು, ಮನಸಿಗೆ ಬಂದ್ರ ವಿಚಾರ ಮಾಡಿದ್ರಾತು' ಎಂದು ದುಂಡಪ್ಪ ಅವಳಿಗೆ ಹೇಳಿದ್ದ. ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಹೋದ ಗುರುವಾರ ಒಬ್ಬನೇ ಖಾನಾಪುರಕ್ಕೆ ಹೋದಾಗ, ಚಹಾದಂಗಡಿಯಲ್ಲಿ ನಾಲ್ಕು ಜನರೆದುರು, ಮನೆಯ ಮಾಲಕ ಅವಧೂತ ಮಾಸ್ತರರ ಕೈಮೇಲೆ ಕೈ ಹಾಕಿ ಅವನು ಮಾತು ಕೊಟ್ಟುಬಿಟ್ಟಿದ್ದ. ಯುಗಾದಿಗೆ ಹಾಲು ಉಕ್ಕಿಸುತ್ತೇವೆ, ಬೆಳಗಾವಿಯ ಅನಗೋಳದ ಮನೆಯನ್ನು ಮಗಳು ನಿಖಿತಾಳಿಗೆ ಬಿಡುತ್ತೇವೆ, ನಮಗೆ ಈ ಊರೇ ಸಾಕು ಅಂದಿದ್ದ. ಆ ಹೊತ್ತಿಗೆ ಅದು ಎಷ್ಟು ಸಹಜವಾಗಿ ಬಾಯಿಂದ ಬಂತೆಂದರೆ, ಹೆಂಡತಿಯನ್ನು ಕೇಳಬೇಕೆಂಬುದು ವಾಪಸು ಬರುವಾಗ ಮಚ್ಛೆ ದಾಟಿದ ಮೇಲೆ ನೆನಪಾಗಿತ್ತು. ಅಂದಿನಿಂದ ಐದು ದಿನ ಊಟಕ್ಕೆ ಕೂತಾಗ, ಚಹಾಕ್ಕೆ ಕೂತಾಗ ಮಾತು ನಾಲಿಗೆಯ ತುದಿಗೆ ಬಂದು ಒಳಗೆ ಹೋಗಿತ್ತು. ಇವತ್ತು ಮಾಸ್ತರರ ಮನೆ ಮುಟ್ಟುವುದರೊಳಗೆ ಹೇಳದಿದ್ದರೆ ಅವರ ಬಾಯಿಂದ ಅವಳಿಗೆ ತಿಳಿಯುತ್ತದೆ. ಅಷ್ಟು ಗೊತ್ತಿದ್ದೂ ಅವನು ಮುಂದಿನ ಡ್ರೈವರನ ಗೇರು ಎಣಿಸುತ್ತ ಕೂತಿದ್ದ.

ಅನಗೋಳದಲ್ಲಿ ಅವನಿಗೆ ಏನು ಕಡಿಮೆಯಾಗಿತ್ತು? ಏನೂ ಇಲ್ಲ. ಎರಡು ಕೋಣೆಯ ಮನೆ, ನಳದ ನೀರು, ಕೂಗಳತೆಯಲ್ಲಿ ಮಗಳು. ಆದರೆ ಆ ಓಣಿಯಲ್ಲಿ ಅವನು ಟೇಲರ್ ಗೌರಕ್ಕನ ಮಾಲಕರು, ಅಂದರೆ ಗಂಡ, ಅಷ್ಟೇ. ವಾರದಲ್ಲಿ ನಾಲ್ಕು ದಿನ ಊರ ಹೊರಗೆ ಇದ್ದವನನ್ನು ಓಣಿ ಯಾಕೆ ಗುರುತಿಟ್ಟುಕೊಳ್ಳಬೇಕು? ಮೊನ್ನೆ ಗೌರವ್ವ ಸೋಮವಾರದ ಅಕ್ಕನ ಬಳಗದ ವಚನ ಪಾಠಕ್ಕೆ ಮಠಕ್ಕೆ ಹೋಗಿದ್ದಾಗ, ಜಂಪರು ಹೊಲಿಸಲು ಬಂದ ಹೆಣ್ಣುಮಗಳೊಬ್ಬಳು ಬಾಗಿಲಲ್ಲೇ ನಿಂತು ಅಕ್ಕ ಇಲ್ಲವೇ ಎಂದು ಕೇಳಿದ್ದಳು. 'ಇಲ್ಲ, ಅರಿವಿ ನನ್ನ ಕೈಯಾಗ ಕೊಡ್ರಿ, ಹೇಳ್ತೇನಿ' ಎಂದರೆ ಕೊಡಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು, ಬೇಡ ಕಾಕಾ, ಅಕ್ಕ ಬಂದ ಮೇಲೆ ಬರುತ್ತೇನೆ ಎಂದು ಹೋದಳು. ಅರವತ್ತು ಜನರ ಜೀವ ದಿನಾಲು ಕೈಯಲ್ಲಿ ಹಿಡಿದು ಘಟ್ಟದಂಚಿನ ರಸ್ತೆಯಲ್ಲಿ ಓಡಾಡಿದವನನ್ನು ಒಂದು ಜಂಪರಿನ ಅರಿವೆಗೆ ನಂಬಲಿಲ್ಲವಲ್ಲ ಎಂದು ಅವನಿಗೆ ಅವತ್ತೆಲ್ಲ ಅನಿಸಿತ್ತು. ಖಾನಾಪುರದಲ್ಲಿ ಹಾಗಲ್ಲ. ಅಲ್ಲಿ ಬಸ್ಸು ಇಳಿಯುತ್ತಲೇ ಚಹಾದಂಗಡಿಯವನು 'ಬರ್ರಿ ಡ್ರೈವರ ಮಾಮಾ, ಕುಂದರ್ರಿ' ಅನ್ನುತ್ತಾನೆ. ಪೇಟೆಯ ತುದಿಯಲ್ಲಿ ನಿಂತರೆ ಪಡುವಣದಲ್ಲಿ ಗುಡ್ಡಗಳ ಸಾಲು, ಆ ಕಡೆಯಿಂದ ಸಂಜೆಗೆ ಬರುವ ತಂಪು. ಮಲಪ್ರಭೆಯ ದಡದ ಕಲ್ಲಿನ ಮೇಲೆ ಅರ್ಧ ತಾಸು ಕೂತರೂ ಯಾರೂ ಯಾಕೆ ಕೂತಿದ್ದೀ ಅನ್ನುವುದಿಲ್ಲ. ಮನುಷ್ಯ ಮುದುಕನಾಗಬೇಕಾದರೆ ಇಂಥಲ್ಲೇ ಆಗಬೇಕು ಎಂದು ಅವನು ಸ್ಟೇರಿಂಗ್ ಹಿಡಿದಿದ್ದಾಗಲೇ ಗೊತ್ತುಮಾಡಿಕೊಂಡಿದ್ದ.

ಖರೇ ಹೇಳಬೇಕೆಂದರೆ ಅವನನ್ನು ಎಳೆದದ್ದು ಊರಲ್ಲ, ಊಟ. ಖಾನಾಪುರ ದಾಟಿ, ಬೀಡಿ ಎಂಬ ಊರನ್ನೂ ದಾಟಿ, ಒಂದು ಸಣ್ಣ ಹಳ್ಳಿಗೆ ಹನ್ನೊಂದು ವರ್ಷ ಅವನು ವಸ್ತಿ ಗಾಡಿ ಒಯ್ದಿದ್ದ. ಸಂಜೆ ಹೊತ್ತು ಮುಳುಗುವಾಗ ಊರು ಮುಟ್ಟುವ ಕೊನೆಯ ಬಸ್ಸು ಅಲ್ಲೇ ತಂಗಿ ಮುಂಜಾನೆ ಮೊದಲ ಬಸ್ಸಾಗಿ ಹೊರಡುವುದು. ಅಲ್ಲಿ ಖಾನಾವಳಿಯಿಲ್ಲ, ಚಹಾದಂಗಡಿಯೂ ಇಲ್ಲ. ಬಸ್ಸು ಊರಿಗೆ ಬೇಕೆಂದ ಮೇಲೆ ಬಸ್ಸಿನವರ ಹೊಟ್ಟೆಯೂ ಊರಿನ ಜವಾಬ್ದಾರಿ ಎಂದು ಹಿರಿಯರು ಗೊತ್ತುಮಾಡಿ ಮನೆಮನೆಗೆ ಪಾಳಿ ಹಚ್ಚಿದ್ದರು. ಗಾಡಿ ನಿಂತು ಸ್ವಲ್ಪ ಹೊತ್ತಿಗೆ ಯಾವುದೋ ಮನೆಯಿಂದ ಡಬ್ಬಿ ಬರುತ್ತಿತ್ತು. ಬಿಸಿ ರೊಟ್ಟಿ, ಝುಣಕ, ಮಡಕಿಕಾಳಿನ ಪಲ್ಯ, ಮ್ಯಾಲೊಂದು ಉಳ್ಳಾಗಡ್ಡಿ. ಬಡವರ ಮನೆಯಿಂದ ಬಂದ ದಿನ ರೊಟ್ಟಿಯ ಲೆಕ್ಕ ಒಂದು ಹೆಚ್ಚೇ ಇರುತ್ತಿತ್ತು. ಫಕೀರವ್ವನ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಅವಳ ಪಾಳಿ ಬಂದಾಗ ಅವಳೇ ಡಬ್ಬಿ ಹಿಡಿದು ಬರುತ್ತಿದ್ದಳು. ಕೂಲಿಯಿಂದ ಬಂದ ಕಾಲು ಇನ್ನೂ ತೊಳೆದಿರುತ್ತಿರಲಿಲ್ಲ. ತಾನು ಯಾರು ಆ ಜನರಿಗೆ? ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ ಉಪವಾಸ ಮಲಗಿಸಲಿಲ್ಲ. ಈಗಲೂ ರಾತ್ರಿ ಊಟಕ್ಕೆ ಕೂತರೆ ಅವನಿಗೆ ಆ ಋಣ ನೆನಪಾಗುತ್ತದೆ. ಇದನ್ನು ಯಾರಿಗೆ ಹೇಳಬೇಕು, ಹೆಂಡತಿಗೇ ಹೇಳಬೇಕು.

ಹೇಳಿದ್ದ. ಅಲ್ಲೇ ತಪ್ಪಿದ್ದು. ವಸ್ತಿಯಿಂದ ಮನೆಗೆ ಬಂದಾಗಲೆಲ್ಲ, ಗೌರವ್ವ ತಾಟು ಇಡುವಾಗಲೆಲ್ಲ, ನಿನ್ನೆಯ ಝುಣಕ ಹೇಗಿತ್ತು, ಆ ಹಿಂಡಿ ಚಟ್ನಿಗೆ ಏನು ಹಾಕಿದ್ದರು, ಇಂಥ ರೊಟ್ಟಿ ಬಡಿಯುವವರು ಪುಣ್ಯವಂತರು ಎಂದು ಅವನು ಹಾಡಿಹೊಗಳುತ್ತಿದ್ದ. ತನ್ನ ಸಂತೋಷದಲ್ಲಿ ಅವಳಿಗೂ ಪಾಲು ಕೊಡುತ್ತಿದ್ದೇನೆ ಎಂದೇ ನಂಬಿದ್ದ. ಎಂಥ ಎತ್ತು! ನಿಖಿತಾ ಹುಟ್ಟಿದ್ದು ಅವನು ವಸ್ತಿಗೆ ಹೋದ ದಿನ. ಇನ್ನೂ ಹದಿನೈದು ದಿನ ಇದೆಯೆಂದು ಡಾಕ್ಟರು ಹೇಳಿದ್ದರು. ಅವತ್ತು ಶೀಗಿ ಹುಣ್ಣಿಮೆ. ಹಳ್ಳಿಯಲ್ಲಿ ಫಕೀರವ್ವ ಬಿಸಿ ಹೋಳಿಗೆ ತಂದು, ಇನ್ನೊಂದು, ಇನ್ನೊಂದು ಎಂದು ಮೂರು ತಿನ್ನಿಸಿದ್ದಳು. ಅದೇ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಗೌರವ್ವನನ್ನು ರಿಕ್ಷಾದಲ್ಲಿ ದವಾಖಾನೆಗೆ ಒಯ್ದಿದ್ದರು. ಮರುದಿನ ಡಿಪೋದಲ್ಲಿ ಸುದ್ದಿ ತಿಳಿದು ಓಡಿ ಹೋಗಿ, ಕೂಸನ್ನು ನೋಡಿ, ಖುಷಿಗೆ ಏನು ಮಾತಾಡಬೇಕೋ ತಿಳಿಯದೆ, 'ನಿನ್ನೆ ಹೋಳಿಗಿ ಊಟಾ ಆತು ನೋಡು, ಶಕುನಾ ಛಲೋ ಐತಿ' ಎಂದಿದ್ದ. ಗೌರವ್ವ ಗೋಡೆಯ ಕಡೆ ಹೊರಳಿ ಮಲಗಿದ್ದಳು. ದಣಿವಾಗಿದೆ ಎಂದುಕೊಂಡಿದ್ದ. ಅದು ದಣಿವಲ್ಲ ಎಂದು ಹೊಳೆಯಲಿಕ್ಕೆ ಅವನಿಗೆ ಇಪ್ಪತ್ತೇಳು ವರ್ಷ ಬೇಕಾದವು, ಹೊಳೆದಾಗ ಹೇಳಿಕೊಳ್ಳುವ ಧೈರ್ಯವಿರಲಿಲ್ಲ. 'ಖಾನಾಪುರ ಬಂತ್ರಿ, ಏಳ್ರಿ' ಎಂದು ಅವಳು ಈಗ ಅವನ ತೋಳು ಅಲುಗಿಸುತ್ತಿದ್ದಳು.

ಮಾಸ್ತರರ ಮನೆ ಪೇಟೆಯಿಂದ ಒಂದು ಏರು ಹತ್ತಿದರೆ ಸಿಗುತ್ತದೆ. ಅವರು ಕೆಳಗಿನ ಹೊಸ ಮನೆಯಲ್ಲಿದ್ದು ಹಂಚಿನ ಹಳೆಯ ಮನೆಯನ್ನು ಬಾಡಿಗೆಗೆ ಕೊಡುವವರಿದ್ದರು. ಏರು ಹತ್ತುತ್ತ ದುಂಡಪ್ಪ ಎರಡು ಸಲ ನಿಂತ. ಎರಡು ಸಲವೂ ಗೌರವ್ವ ದಮ್ಮು ಹತ್ತಿತೇನೋ ಎಂದು ತಾನೂ ನಿಂತಳು. 'ಏ ಗೌರಾ,' ಎಂದ. 'ಏನ್ರಿ?' ಎಂದಳು. 'ಏನಿಲ್ಲ, ಗುಡ್ಡಾ ನೋಡು ಎಷ್ಟ ಛಂದ ಕಾಣತಾವ,' ಎಂದ. ಅವಳು ಗುಡ್ಡ ನೋಡಿದಳು. ಅಷ್ಟರಲ್ಲಿ ಮಾಸ್ತರರೇ ಬಾಗಿಲಿಗೆ ಬಂದರು. ಮನೆಮಾತು ಮರಾಠಿಯಾದರೂ ನಲವತ್ತು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದವರು.

'ಯಾ ಯಾ, ಬರ್ರಿ ವಹಿನಿ, ಕುಂದರ್ರಿ. ಮೊದಲ ಚಹಾ ತಗೋರ್ರಿ,' ಎಂದು ಗೌರವ್ವನಿಗೆ ಉಪಚಾರ ಮಾಡಿದರು. ಮನೆ ತೆರೆದು ತೋರಿಸಿದರು. ಒಳಗೆ ಹಸಿ ಸುಣ್ಣದ ವಾಸನೆ. ನೆಲ ತಣ್ಣಗಿತ್ತು, ಹಿಂದೆ ಒಂದು ಕರಿಬೇವಿನ ಗಿಡವಿತ್ತು, ಅಡಿಗೆಮನೆಯ ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ಗೌರವ್ವ ಕಿಟಕಿಯ ಸರಳು ಹಿಡಿದು ನಿಂತಿದ್ದಾಗ ಮಾಸ್ತರರು ಅಂದರು: 'ಯುಗಾದಿ ಪಾಡವಾಕ್ಕ ಹಾಲ ಉಕ್ಕಸೂದು ಪಕ್ಕಾ ಅಂತ ಹೋದ ಗುರುವಾರ ಸಾಹೇಬ್ರು ಕೈಮ್ಯಾಲ ಕೈ ಹಾಕಿ ಹೇಳ್ಯಾರಲ್ಲ, ಅದಕ್ಕ ಅವಸರದಾಗ ಸುಣ್ಣಾ ಹಚ್ಚಿಸೇನಿ. ನಿಮಗ ಯಾವ ಬಣ್ಣಾ ಬೇಕು ಹೇಳ್ರಿ, ವಹಿನಿ.'

ದುಂಡಪ್ಪ ನೆಲ ನೋಡಿದ. ಸರಳಿನ ಮೇಲಿದ್ದ ಗೌರವ್ವನ ಬೆರಳು ಒಂದು ಕ್ಷಣ ಬಿಗಿಯಾದದ್ದು ಅವನಿಗೆ ಕಾಣಿಸಿತು. ಈಗ ಅವಳು ಯಾವ ಗುರುವಾರ ಅನ್ನುತ್ತಾಳೆ, ನನಗೆ ಗೊತ್ತೇ ಇಲ್ಲ ಅನ್ನುತ್ತಾಳೆ, ಸಂಜೆಯೊಳಗೆ ಚಹಾದಂಗಡಿಗೆ ಸುದ್ದಿ ಮುಟ್ಟುತ್ತದೆ. ಹೆಂಡತಿಯನ್ನು ಕೇಳದೆ ಮಾತು ಕೊಟ್ಟ ಡ್ರೈವರ ಎಂದು ಮಂದಿ ನಗುತ್ತಾರೆ. ನಾಚಿಕೆಯಲ್ಲಿಯೂ ತನ್ನ ಮರ್ಯಾದೆಯೇ ಮೊದಲು ನೆನಪಾಯಿತಲ್ಲ ಎಂದು ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

'ಹೌದ್ರಿ, ನನಗೂ ಹೇಳ್ಯಾರ,' ಎಂದಳು ಗೌರವ್ವ ಹಿಂದೆ ತಿರುಗದೆ. 'ಬಣ್ಣಾ ಯಾವದರ ಇರಲಿ. ಹೊಲಿಗಿ ಮಶೀನ ಇಡಾಕ ಬೆಳಕ ಎಲ್ಲಿ ಬೀಳತೈತಿ ಅಂತ ನೋಡಾಕ ಬಂದೇನಿ.'

ಏರು ಇಳಿಯುವಾಗ ಅವಳು ಮುಂದೆ, ಅವನು ಹಿಂದೆ. ಅವಳ ನಡಿಗೆಯಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಬೈದಿದ್ದರೆ ಚಲೋ ಇತ್ತು. ಬೈಗಳಕ್ಕೆ ಉತ್ತರ ಕೊಡಬಹುದು, ಉಪಕಾರಕ್ಕೆ ಏನು ಉತ್ತರ ಕೊಡುವುದು? 'ಗೌರಾ, ನಾ ಹೇಳಬೇಕಂತ ಮಾಡಿದ್ನಿ,' ಎಂದ. 'ಆಮ್ಯಾಲ ಹೇಳ್ರಿ. ಮುದುಕಿ ಕಾಯತಿರಬೇಕು,' ಎಂದಳು.

ಫಕೀರವ್ವ ಕಾಯುತ್ತಿರಲಿಲ್ಲ. ಹಳ್ಳಿ ಬಿಟ್ಟು ಈಗ ಖಾನಾಪುರದ ಪೇಟೆಯ ಹಿಂದೆ ಮಗಳು ಮಾಯಕ್ಕನ ಮನೆಯಲ್ಲಿದ್ದ ಅವಳು ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ದುಂಡಪ್ಪ ಬಗ್ಗಿ ಕಾಲು ಮುಟ್ಟಿದರೆ ಕಾಲು ಹಿಂದೆ ಎಳೆದುಕೊಂಡು, 'ಯಾರಪಾ ನೀ?' ಎಂದಳು. ವಸ್ತಿ ಗಾಡಿಯ ಡ್ರೈವರ ಎಂದ. 'ಯಾವ ಡ್ರೈವರಪಾ? ಬಾಳ ಮಂದಿ ಬಂದ್ರು, ಬಾಳ ಮಂದಿ ಹೋದ್ರು,' ಎಂದು ಮುದುಕಿ ಬಳ್ಳೊಳ್ಳಿಗೆ ತಿರುಗಿದಳು. ಹೆಂಡತಿಯ ಮುಂದೆ ಅವನ ಮುಖ ಸಣ್ಣದಾಯಿತು. ಇವಳ ಸೀಮೆಯ ಗಾಳಿ ಕುಡಿದೇ ಸಾಯುತ್ತೇನೆಂದು ಹೊರಟವನನ್ನು ಇವಳೇ ಗುರುತು ಹಿಡಿಯುತ್ತಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಿದ. ಹನ್ನೊಂದು ವರ್ಷ ನಿಮ್ಮೂರ ಅನ್ನ ಉಂಡಿದ್ದೇನೆ, ಅದರಲ್ಲೂ ನಿಮ್ಮ ಕೈಯ ರೊಟ್ಟಿ ಮರೆಯುವುದಿಲ್ಲ, ನಿಮ್ಮ ಋಣ ತೀರಿಸಲಾರೆ ಎಂದ.

'ಎಂಥಾ ಋಣಾನೊ ತಮ್ಮಾ,' ಎಂದಳು ಫಕೀರವ್ವ. 'ಪಾಳಿ ಬರತಿತ್ತು, ಮಾಡತಿದ್ನಿ. ನಿನ್ನ ಸಲವಾಗಿ ಅಂತ ಮಾಡಲಿಲ್ಲ. ಖರೇ ಹೇಳ್ತೇನಿ, ಸಿಟ್ಟ ಬರತಿತ್ತು ನನಗ. ಹೊಲದಾಗ ಸತ್ತ ಸುಣ್ಣ ಆಗಿ ಬಂದು ಮತ್ತ ಮಂದಿಗೆ ಒಲಿ ಹಚ್ಚೂದಂದ್ರ ಯಾರಿಗೆ ಬೇಕು? ನನ್ನ ಕೂಸಿಗೆ ರೊಟ್ಟಿ ಮುರದ ಕೊಡಾಕ ಪುರಸೊತ್ತ ಇರತಿರಲಿಲ್ಲ, ನಿಮಗ ಡಬ್ಬಿ ಕಟ್ಟತಿದ್ನಿ.'

ಒಳಗಿನಿಂದ ಚಹಾ ತರುತ್ತಿದ್ದ ಮಾಯಕ್ಕ, ಅವ್ವ ಹೀಗೇ, ಬಾಯಿಗೆ ಬಂದದ್ದು ಆಡುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಗೌರವ್ವ ಮಾತ್ರ ಮುದುಕಿಯ ಹತ್ತಿರ ಸರಿದು ಕೂತು ತಾನೂ ಬಳ್ಳೊಳ್ಳಿ ಸುಲಿಯತೊಡಗಿದ್ದಳು. ಈ ಮಾತು ಅವಳಿಗೆ ಚಲೋ ಅನಿಸಿದ್ದು ಅವಳ ಕೈಯಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಫಕೀರವ್ವ ತಲೆಯೆತ್ತಿ ದುಂಡಪ್ಪನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

'ಡಬ್ಬಿ ತೊಳದ ಕೊಡಾಂವ ನೀನ ಏನು?'

ಹೌದೆಂದ.

'ಹಂಗ ಅನ್ನು ಮತ್ತ,' ಎಂದು ಮುದುಕಿ ಗೌರವ್ವನ ಕಡೆ ತಿರುಗಿದಳು. 'ತಂಗೀ, ಉಳದವ್ರು ಎಂಜಲ ಡಬ್ಬಿ ಹಂಗ ಕಟ್ಟಿಮ್ಯಾಲ ಇಟ್ಟ ಹೋಗವ್ರು. ಇಂವ ಒಬ್ಬಾಂವ ಬೋರಿಗೆ ಹೋಗಿ ಬೂದಿ ಹಚ್ಚಿ ತಿಕ್ಕಿ, ಪಳಪಳ ಮಾಡಿ ಮನೀಮಟ ತಂದ ಕೊಡಾಂವ. ಡಬ್ಬಿ ತಗೊಳ್ಳುವಾಗ ನಿಂತ ಕೇಳಾಂವ, ಅವ್ವಾ ನಿಮ್ಮದು ಊಟಾ ಆತೇನು ಅಂತ. ನನ್ನ ಗಂಡ, ಅಂವ ಇರೂಮಟಾ, ಒಂದಿನಾ ಕೇಳಿದಾಂವಲ್ಲ ಆ ಮಾತ. ಇಂವ ಕೇಳಿದ ದಿನಾ ಸಿಟ್ಟ ಇಳೀತಿತ್ತು ನೋಡು. ಪುಣ್ಯೇವಂತಿ ನೀ. ಹೊರಗಿನವ್ರಿಗೆ ಇಷ್ಟ ಮಾಡಾಂವ ಮನ್ಯಾಗ ಎಷ್ಟ ಮಾಡ್ತಾನೊ.'

ದುಂಡಪ್ಪನಿಗೆ ಎದ್ದು ಹೋಗಬೇಕೆನಿಸಿತು. ಅನಗೋಳದ ಮನೆಯಲ್ಲಿ ಅವನು ಕೈತೊಳೆಯುತ್ತಿದ್ದದ್ದು ತಾಟಿನಲ್ಲೇ. ತಾಟು ಎಲ್ಲಿ ಹೋಗುತ್ತದೆ, ಯಾರು ತೊಳೆಯುತ್ತಾರೆ, ತನ್ನದಾದ ಮೇಲೆ ಉಳಿದ ರೊಟ್ಟಿ ಎಷ್ಟು, ಅದನ್ನು ಅವಳು ಎಷ್ಟೊತ್ತಿಗೆ ಉಂಡಳು, ಉಂಡಳೋ ಇಲ್ಲವೋ, ಮೂವತ್ತು ವರ್ಷದಲ್ಲಿ ಒಂದು ಸಲ ಹೊರಳಿ ನೋಡಿದ್ದು ನೆನಪಿಗೆ ಬರಲಿಲ್ಲ. ಕೆಟ್ಟವನೇ ತಾನು? ಕೈಯೆತ್ತಿಲ್ಲ, ಕುಡಿದಿಲ್ಲ, ಪಗಾರದ ಪಾಕೀಟು ಅವಳ ಕೈಯಲ್ಲೇ ಇಟ್ಟಿದ್ದ. ಹಾಗಾದರೆ ಹಳ್ಳಿಯ ಬೋರಿನ ಹತ್ತಿರ ಬೂದಿ ಹಿಡಿದು ಕೂತ ಆ ಮನುಷ್ಯ ಮಚ್ಛೆ ದಾಟಿದ ಮೇಲೆ ಎಲ್ಲಿ ಇಳಿದು ಹೋಗುತ್ತಿದ್ದ? ಉಪಕಾರ ಅನ್ನಿಸಿದ್ದಕ್ಕೆ ಕೈ ಮುಗಿದ, ಹಕ್ಕು ಅನ್ನಿಸಿದ್ದನ್ನು ಉಂಡು ಎದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗೌರವ್ವ ಈಗ ಏನು ಅಂದರೂ ನ್ಯಾಯವೇ ಎಂದು ಅವನು ಕಾಯ್ದ.

'ಹೌದಬೇ ಯವ್ವಾ,' ಎಂದಳು ಗೌರವ್ವ. 'ಮನ್ಯಾಗೂ ಬಾಳ ಮಾಡ್ತಾರ.' ಚೀಲದಿಂದ ಹೋಳಿಗೆ ತೆಗೆದು ಫಕೀರವ್ವನ ಕೈಯಲ್ಲಿಟ್ಟು, ಬಾಗಿ ನಮಸ್ಕಾರ ಮಾಡಿ, 'ನಮ್ಮ ಮಾಲಕರನ್ನ ಉಪಾಸ ಮಲಗಿಸಲಿಲ್ಲ ನೀವು. ನಿಮ್ಮ ಹೊಟ್ಟಿ ತಣ್ಣಗಿರಲಿ,' ಎಂದಳು. ಆ ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ಆ ಡಬ್ಬಿಗಳನ್ನು ಅವಳು ದ್ವೇಷಿಸುತ್ತಾಳೆ ಎಂದುಕೊಂಡಿದ್ದ ದುಂಡಪ್ಪನಿಗೆ ಹೆಂಡತಿಯ ಬಗ್ಗೆ ತನಗೆ ಏನೇನೂ ಗೊತ್ತಿಲ್ಲ ಎನಿಸಿತು.

ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿಯ ಗಾಡಿ ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಚಹಾದಂಗಡಿಯವನು ದೂರದಿಂದಲೇ ಕೈಯೆತ್ತಿ ಕರೆದ, ದುಂಡಪ್ಪ ಹೋಗಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಬರತೊಡಗಿತ್ತು. ಗೌರವ್ವ ಸೆರಗು ಹೊದ್ದುಕೊಂಡಳು.

'ಇವತ್ತ ನಿಮ್ಮ ಸಲವಾಗಿ ಎರಡ ಸುಳ್ಳ ಹೇಳೀನಿ,' ಎಂದಳು.

'ಗೊತ್ತೈತಿ.'

'ಯಾವ್ಯಾವು?'

'ಮಾಸ್ತರ್ ಮನ್ಯಾಗ ಒಂದು. ಮುದುಕಿ ಮುಂದ ಒಂದು.' ಮತ್ತೆ ಅವನೇ ಹೇಳಿದ: 'ತಪ್ಪಾತು ಗೌರಾ. ನಿನ್ನ ಕೇಳಲಿಲ್ಲ. ಇದೊಂದ ಅಲ್ಲ, ಯಾವದೂ ಕೇಳಲಿಲ್ಲ. ನಿಖಿತಾ ಹುಟ್ಟಿದ ದಿನಾ ದವಾಖಾನ್ಯಾಗ ಬಂದು ಹೋಳಿಗಿ ಮಾತ ಆಡಿದ್ನಲ್ಲ, ಅದೂ ತಪ್ಪಾತು.' ಅವಳು ತಟ್ಟನೆ ತಿರುಗಿ ಅವನ ಮುಖ ನೋಡಿದಳು. ಅದು ಅವನಿಗೆ ನೆನಪಿರಬಹುದೆಂದು ಅವಳು ಎಣಿಸಿರಲಿಲ್ಲ. ಅವನು ಎದ್ದು ನಿಂತ. 'ನೀ ಇಲ್ಲೇ ಕುಂದರು. ನಾ ಏರ ಹತ್ತಿ ಹೋಗಿ ಮಾಸ್ತರ್‌ಗೆ ಹೇಳಿ ಬರ್ತೇನಿ, ಹೆಂಡ್ತಿನ್ನ ಕೇಳದ ಮಾತ ಕೊಟ್ಟಿದ್ನಿ, ಆಗೂದಿಲ್ಲ ಅಂತ. ನಕ್ಕರ ನಗಲಿ. ನಿನ್ನ ಬಳಗಾ, ನಿನ್ನ ಮಶೀನ, ನಿನ್ನ ಗಿರಾಕಿ ಎಲ್ಲಾ ಅಲ್ಲೇ ಅದಾವ. ನನ್ನ ಹುಚ್ಚಿಗೆ ನೀ ಯಾಕ ಬೇರ ಕಿತ್ತಕೋಬೇಕು?'

ಹೇಳುವಾಗ ಅವನಿಗೆ ದುಃಖವಾಗಲಿಲ್ಲ, ಹಗುರಾಯಿತು. ಗುಡ್ಡ ಹೋಯಿತು, ಹೊಳೆ ಹೋಯಿತು, ಬರ್ರಿ ಡ್ರೈವರ ಮಾಮಾ ಹೋಯಿತು. ಹೋಗಲಿ. ಈ ಹೆಣ್ಣುಮಗಳು ಇವತ್ತು ಎರಡು ಸಲ ತನ್ನ ಮಾನ ಕಾಯ್ದಳು, ಅದಕ್ಕಿಂತ ದೊಡ್ಡ ಊರು ಯಾವುದಿದೆ ಎಂದು ಅವನಿಗೆ ಅನಿಸಿತು. ನಾಲ್ಕು ಹೆಜ್ಜೆ ಹೋಗಿದ್ದ.

'ಕುಂದರ್ರಿ,' ಎಂದಳು ಗೌರವ್ವ.

ಅವನು ನಿಂತ.

'ಕುಂದರ್ರಿ ಅಂದ್ನಿ. ಬರೂಣು ಇಲ್ಲೇ. ಸೋಮವಾರಕ್ಕೊಮ್ಮೆ ನಾ ಬೆಳಗಾವಿಗೆ ಹೋಗಾಕಿ, ಬಳಗಾ ಬಿಡೂದಿಲ್ಲ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಐತಿ, ಯಾರನ್ನೂ ಕೇಳಬೇಕಾಗಿಲ್ಲ. ಮನಸಿಗೆ ಬರಲಿಲ್ಲಂದ್ರ ಒಂದ ಸೋಮವಾರ ಹ್ವಾದಾಕಿ ತಿರುಗಿ ಬರೂದಿಲ್ಲ, ಮೊದಲ ಹೇಳೇನಿ.'

ದುಂಡಪ್ಪ ಬೆಂಚಿನ ತುದಿಗೆ ಬಂದು ಕೂತ. ನಂಬಿಕೆ ಬರಲಿಲ್ಲ. 'ನನ್ನ ಸಲವಾಗಿ ಬ್ಯಾಡ ಗೌರಾ,' ಎಂದ.

'ನಿಮ್ಮ ಸಲವಾಗಿ ಅಲ್ಲ.' ಅವಳು ಖಾಲಿ ಚೀಲವನ್ನು ಮಡಚಿ, ಮತ್ತೆ ಮಡಚಿ, ತೊಡೆಯ ಮೇಲೆ ಇಟ್ಟುಕೊಂಡಳು. 'ಆ ಮುದುಕಿ ಹೇಳಿದ್ಲಲ್ಲ, ವಸ್ತಿ ಗಾಡಿ ಡ್ರೈವರ, ಡಬ್ಬಿ ತೊಳಿಯಾಂವ, ಊಟಾ ಆತೇನು ಅಂತ ಕೇಳಾಂವ. ಅಂವ ಇದ್ದದ್ದು ಇದ ಸೀಮ್ಯಾಗ. ಮೂವತ್ತ ವರ್ಷಾತು ಮದುವಿ ಆಗಿ, ಅಂವನ ಜೋಡಿ ನಾ ಒಂದಿನಾ ಸಂಸಾರ ಮಾಡಿಲ್ಲ.'